ಕೊಲೆಸ್ಟ್ರಾಲ್ ಜಾಸ್ತಿ ಬಂದಾಗ ತಾಟಿನಿಂದ ಏನು ತೆಗೀಬೇಕು, ಏನು ಉಳಿಸ್ಬೇಕು

ರಿಪೋರ್ಟ್‌ನಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಅಂತ ಬಂದ ದಿನವೇ ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಎರಡು ತಿನಿಸು ನಿಂತುಬಿಡುತ್ತವೆ. ಒಂದು ತತ್ತಿ, ಇನ್ನೊಂದು ಶೇಂಗಾ ಚಟ್ನಿ. "ಶೇಂಗಾದಾಗ ಎಣ್ಣಿ ಇರ್ತದ, ಬಿಟ್ಬಿಡ್ರಿ" ಅಂತ ಮನೆಗೆ ಬಂದವರೆಲ್ಲ ಹೇಳಿ ಹೋಗುತ್ತಾರೆ. ಆದರೆ ಎಮ್ಮೆ ಹಾಲಿನ ಗಟ್ಟಿ ಚಹಾ ಹಾಗೇ ಮುಂದುವರಿಯುತ್ತದೆ. ಚಹಾದ ಜೊತೆ ಬೇಕರಿಯ ಖಾರಿ ಇರುತ್ತದೆ. ಸಂಜೆ ಗಿರ್ಮಿಟ್ ಜೊತೆ ಮಿರ್ಚಿ ಭಜಿಯೂ ಇರುತ್ತದೆ. ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ಕೊಟ್ಟರೆ ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ. ಆಗ "ಊಟದಿಂದ ಏನೂ ಆಗಲ್ಲ ಬಿಡು" ಅಂತ ಕೈ ಚೆಲ್ಲುತ್ತೇವೆ.

ಊಟದಿಂದ ಆಗುತ್ತದೆ. ಸರಿಯಾದದ್ದನ್ನು ಬಿಡಬೇಕು, ಸರಿಯಾದದ್ದನ್ನು ಸೇರಿಸಬೇಕು, ಅಷ್ಟೇ. ಸೇರಿಸಬೇಕಾದದ್ದರಲ್ಲಿ ಬಹಳಷ್ಟು ನಮ್ಮ ಕಡೆಯ ಹಳೆಯ ತಾಟಿನಲ್ಲೇ ಇದೆ. ಆದರೆ ಯಾವುದು ಯಾಕೆ ಕೆಲಸ ಮಾಡುತ್ತದೆ ಅಂತ ಗೊತ್ತಾಗಬೇಕಾದರೆ ಮೊದಲು ಲಿವರ್ ಏನು ಮಾಡುತ್ತದೆ ಅಂತ ನೋಡಬೇಕು.

ಲಿವರ್ ಮತ್ತು ಅದರ ಗೇಟು

ಕೊಲೆಸ್ಟ್ರಾಲ್ ವಿಷವೇನೂ ಅಲ್ಲ. ಪ್ರತಿ ಜೀವಕೋಶದ ಹೊರಪದರಕ್ಕೆ ಅದು ಬೇಕು. ಹಾರ್ಮೋನು, ವಿಟಮಿನ್ ಡಿ, ಪಿತ್ತರಸ ತಯಾರಾಗಲೂ ಬೇಕು. ಇಷ್ಟು ಮುಖ್ಯವಾದ್ದರಿಂದಲೇ ಮೈ ಅದನ್ನು ಊಟದ ಮೇಲೆ ಬಿಟ್ಟಿಲ್ಲ. ಬಹುಪಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಾವು ತಿಂದದ್ದರಿಂದ ಸ್ವಲ್ಪ ಜಾಸ್ತಿ ಬಂದರೆ, ಹೆಚ್ಚಿನವರಲ್ಲಿ ಲಿವರ್ ತನ್ನ ತಯಾರಿಕೆ ಕಡಿಮೆ ಮಾಡುತ್ತದೆ. ಒಂದು ತತ್ತಿಯಲ್ಲಿ ಸುಮಾರು 190 ಮಿ.ಗ್ರಾಂ. ಕೊಲೆಸ್ಟ್ರಾಲ್ ಇದ್ದರೂ ಅದನ್ನು ತಿಂದವರ ರಕ್ತದಲ್ಲಿ ಅಷ್ಟೊಂದು ಏರದಿರುವುದಕ್ಕೆ ಇದೇ ಕಾರಣ. ಅಮೆರಿಕದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿ.ಗ್ರಾಂ. ಮೀರಬಾರದು ಅಂತ ಬಹಳ ಕಾಲ ಒಂದು ಮಿತಿ ಇತ್ತು. 2015ರ ಹೊತ್ತಿಗೆ ಅದನ್ನು ತೆಗೆದುಹಾಕಿದರು.

ಕೊಲೆಸ್ಟ್ರಾಲ್ ಕೊಬ್ಬಿನ ಜಾತಿಯದು, ರಕ್ತದಲ್ಲಿ ತಾನಾಗಿ ಕರಗುವುದಿಲ್ಲ. ಹಾಗಾಗಿ ಪ್ರೋಟೀನ್ ಸುತ್ತಿದ ಸಣ್ಣ ಕಣಗಳಲ್ಲಿ ತುಂಬಿಕೊಂಡು ಓಡಾಡುತ್ತದೆ. ಮೈಯ ಎಲ್ಲ ಕಡೆ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಕಣ ಎಲ್‌ಡಿಎಲ್. ಕೆಲಸ ಮುಗಿದ ಮೇಲೆ ಈ ಕಣಗಳನ್ನು ರಕ್ತದಿಂದ ಹಿಡಿದು ಒಳಗೆ ಎಳೆದುಕೊಳ್ಳುವ ಕೆಲಸ ಲಿವರ್‌ನದು. ಅದಕ್ಕಾಗಿ ಲಿವರ್‌ನ ಜೀವಕೋಶಗಳ ಮೇಲೆ ರಿಸೆಪ್ಟರ್‌ಗಳು ಇರುತ್ತವೆ. ಇದನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು.

ಸೀಸನ್‌ನಲ್ಲಿ ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಲಾರಿಗಳು ಬರುವುದನ್ನು ನೆನಪಿಸಿಕೊಳ್ಳಿ. ಗೇಟುಗಳೆಲ್ಲ ತೆರೆದಿದ್ದರೆ ಲಾರಿ ಬಂದ ಹಾಗೆ ಒಳಗೆ ಹೋಗುತ್ತವೆ. ಅರ್ಧ ಗೇಟು ಮುಚ್ಚಿದರೆ? ಲಾರಿಗಳ ಸಂಖ್ಯೆ ಅಷ್ಟೇ ಇದ್ದರೂ ರೋಡ್ ತುಂಬ ಸಾಲು ನಿಲ್ಲುತ್ತದೆ. ಎಲ್‌ಡಿಎಲ್ ಕಥೆಯೂ ಹೀಗೇ. ರಿಸೆಪ್ಟರ್ ಕಡಿಮೆಯಾದರೆ ಕಣಗಳು ರಕ್ತದಲ್ಲೇ ಜಾಸ್ತಿ ಹೊತ್ತು ಸುತ್ತುತ್ತವೆ. ಹಾಗೆ ಸುತ್ತುತ್ತಾ ರಕ್ತನಾಳದ ಒಳಗೋಡೆಗೆ ನುಗ್ಗಿ ಅಲ್ಲೇ ಸಿಕ್ಕಿಕೊಳ್ಳುತ್ತವೆ. ವರ್ಷಗಟ್ಟಲೆ ಅಲ್ಲಿ ಗಡ್ಡೆಯ ಹಾಗೆ ಬೆಳೆಯುತ್ತದೆ. ಒಂದು ದಿನ ಆ ಗಡ್ಡೆ ಒಡೆದು ಮೇಲೆ ರಕ್ತ ಹೆಪ್ಪುಗಟ್ಟಿದರೆ ಅದೇ ಹಾರ್ಟ್ ಅಟ್ಯಾಕ್.

ಈ ಗೇಟು ಮುಚ್ಚಿಸುವ ಮುಖ್ಯ ಆಹಾರ ಸ್ಯಾಚುರೇಟೆಡ್ ಕೊಬ್ಬು. ಸಾಮಾನ್ಯವಾಗಿ ತಣ್ಣಗಾದಾಗ ಹೆಪ್ಪುಗಟ್ಟುವ ಕೊಬ್ಬು ಇದು. ತುಪ್ಪ, ಬೆಣ್ಣೆ, ಕೆನೆ, ಮಟನ್ ಕೊಬ್ಬು, ವನಸ್ಪತಿ, ತಾಳೆ ಎಣ್ಣೆ, ಕೊಬ್ಬರಿ ಎಣ್ಣೆ ಎಲ್ಲದರಲ್ಲೂ ಇದೆ. ಇದು ಜಾಸ್ತಿಯಾದಷ್ಟೂ ರಿಸೆಪ್ಟರ್‌ಗಳು ಕಡಿಮೆಯಾಗುತ್ತವೆ. ಹಾಗಾಗಿ ಊಟದ ಲೆಕ್ಕ ಹಾಕುವಾಗ ಮೊದಲು ನೋಡಬೇಕಾದದ್ದು ಈ ಕೊಬ್ಬನ್ನೇ.

ರಿಪೋರ್ಟ್ ಓದುವುದು

ಒಂದು ರಿಪೋರ್ಟ್ ಹೀಗಿದೆ ಅಂದುಕೊಳ್ಳಿ: ಒಟ್ಟು ಕೊಲೆಸ್ಟ್ರಾಲ್ 248, ಟ್ರೈಗ್ಲಿಸರೈಡ್ 210, ಎಚ್‌ಡಿಎಲ್ 36 (ಎಲ್ಲವೂ ಒಂದು ಡೆಸಿಲೀಟರ್ ರಕ್ತದಲ್ಲಿ ಇಷ್ಟು ಮಿ.ಗ್ರಾಂ. ಅಂತ). ಟ್ರೈಗ್ಲಿಸರೈಡ್ ಅಂದರೆ ರಕ್ತದಲ್ಲಿ ಓಡಾಡುವ ಇನ್ನೊಂದು ಜಾತಿಯ ಕೊಬ್ಬು. ಎಚ್‌ಡಿಎಲ್ ಅಂದರೆ ಜಾಸ್ತಿಯಾದ ಕೊಲೆಸ್ಟ್ರಾಲನ್ನು ಲಿವರ್‌ಗೆ ವಾಪಸ್ ತರುವ ಕಣ. ನಮ್ಮಲ್ಲಿ ಹೆಚ್ಚಿನವರು 248 ನೋಡಿ ಹೆದರುತ್ತಾರೆ. ಆ ಒಂದು ಅಂಕಿ ಹೇಳುವುದು ಬಹಳ ಕಡಿಮೆ. ಅನೇಕ ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. ಒಟ್ಟಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ. 248ರಲ್ಲಿ 36 ಹೋಗಿ, 42 ಹೋಗಿ, ಎಲ್‌ಡಿಎಲ್ 170 ಉಳಿಯಿತು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕವನ್ನು ನಂಬಬಾರದು.

ಒಟ್ಟಿನಿಂದ ಎಚ್‌ಡಿಎಲ್ ಮಾತ್ರ ಕಳೆದರೆ ಬರುವುದು ನಾನ್-ಎಚ್‌ಡಿಎಲ್. ಇಲ್ಲಿ ಅದು 212. ರಕ್ತನಾಳಕ್ಕೆ ತೊಂದರೆ ಕೊಡುವ ಎಲ್ಲ ಕಣಗಳ ಕೊಲೆಸ್ಟ್ರಾಲ್ ಇದರಲ್ಲಿ ಬಂತು. ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ ಇರುವ ನಮ್ಮಂಥವರಿಗೆ ಇದು ಒಳ್ಳೆಯ ಅಳತೆ. ನಮ್ಮಂಥವರಿಗೆ ಅಂತ ಸುಮ್ನೆ ಹೇಳಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯಲ್ಲಿ ದೇಶದ ಮೂರರಲ್ಲಿ ಎರಡು ಭಾಗದಷ್ಟು ವಯಸ್ಕರಿಗೆ ಎಚ್‌ಡಿಎಲ್ ಕಡಿಮೆ ಇತ್ತು. ಎಲ್‌ಡಿಎಲ್ ಜಾಸ್ತಿ ಇದ್ದವರು ಐವರಲ್ಲಿ ಒಬ್ಬರು. ನಮ್ಮ ದೇಶದವರಿಗೆ ಪಶ್ಚಿಮದವರಿಗಿಂತ ಐದು-ಹತ್ತು ವರ್ಷ ಮೊದಲೇ ಹಾರ್ಟ್ ಅಟ್ಯಾಕ್ ಆಗುತ್ತದೆ ಅನ್ನುವುದನ್ನೂ ಇದರ ಜೊತೆ ಇಟ್ಟು ನೋಡಬೇಕು.

ಎಷ್ಟಿರಬೇಕು? ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಸಾಮಾನ್ಯ ಜನರಿಗೆ ಎಲ್‌ಡಿಎಲ್ 100ಕ್ಕಿಂತ ಕೆಳಗೆ, ನಾನ್-ಎಚ್‌ಡಿಎಲ್ 130ಕ್ಕಿಂತ ಕೆಳಗೆ. ಅಪಾಯ ಜಾಸ್ತಿ ಇರುವವರಿಗೆ ಎಲ್‌ಡಿಎಲ್ 70ಕ್ಕಿಂತ ಕಡಿಮೆ. ಈಗಾಗಲೇ ಹಾರ್ಟ್ ಅಟ್ಯಾಕ್ ಆದವರಂಥ ತೀರಾ ಹೆಚ್ಚಿನ ಅಪಾಯದವರಿಗೆ 55ಕ್ಕಿಂತ ಕಡಿಮೆ. ಅಂದರೆ ಎಲ್ಲರಿಗೂ ಒಂದೇ ಅಂಕಿ ಇಲ್ಲ. ನಿಮ್ಮ ರಿಪೋರ್ಟ್‌ನ ಬಲಗಡೆ ಅಚ್ಚಾದ "ನಾರ್ಮಲ್" ನಿಮ್ಮ ನಾರ್ಮಲ್ ಆಗಿರಬೇಕಿಲ್ಲ. ಮೊದಲ ಪರೀಕ್ಷೆಗೆ ಹೊಟ್ಟೆ ಖಾಲಿ ಇರಲೇಬೇಕು ಅಂತಲೂ ಈಗ ಇಲ್ಲ. ಟ್ರೈಗ್ಲಿಸರೈಡ್ ತುಂಬಾ ಜಾಸ್ತಿ ಬಂದರೆ ಮಾತ್ರ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ಕೊಟ್ಟರಾಯಿತು.

ಕೊಬ್ಬು ಬರುವ ದಾರಿಗಳು

ದಿನಕ್ಕೆ 2000 ಕ್ಯಾಲೊರಿ ಊಟ ಮಾಡುವವರಿಗೆ, ಎಲ್‌ಡಿಎಲ್ ಇಳಿಸಬೇಕಿದ್ದರೆ, ಸ್ಯಾಚುರೇಟೆಡ್ ಕೊಬ್ಬು 13ರಿಂದ 15 ಗ್ರಾಂ ಒಳಗಿರಬೇಕು. ಈಗ ಒಂದು ಸಾಮಾನ್ಯ ದಿನವನ್ನು ಹತ್ತಿರದಿಂದ ನೋಡೋಣ. ಮೂರು ಸಲ ಚಹಾ. ಎಮ್ಮೆ ಹಾಲು, ನೀರು ಬೆರೆಸದ ಚಹಾ, ಒಟ್ಟು 300 ಮಿ.ಲೀ. ಹಾಲು. ಶೇ. 6 ಕೊಬ್ಬಿದ್ದರೆ 18 ಗ್ರಾಂ ಕೊಬ್ಬು, ಅದರಲ್ಲಿ ಸ್ಯಾಚುರೇಟೆಡ್ ಸುಮಾರು 11 ಗ್ರಾಂ. ಮಧ್ಯಾಹ್ನ ಒಂದು ಬಟ್ಟಲು ಗಟ್ಟಿ ಮೊಸರು, ಇನ್ನೊಂದು ಐದು ಗ್ರಾಂ ಸೇರಿತು. ಬಿಸಿ ಅನ್ನಕ್ಕೆ, ರೊಟ್ಟಿಗೆ ಎರಡು ಟೀ ಚಮಚ ತುಪ್ಪ, ಮತ್ತೆ ಆರು ಗ್ರಾಂ. ಭಜಿ ಇಲ್ಲ, ಮಟನ್ ಇಲ್ಲ, ಪೇಢೆ ಇಲ್ಲ, ಆಗಲೇ 22 ಗ್ರಾಂ ಆಯಿತು. ಈ ಮನೆಯಲ್ಲಿ ಬಿಡಿಸಿದ ತತ್ತಿಯಲ್ಲಿ ಇದ್ದದ್ದು ಬರೀ ಒಂದೂವರೆ ಗ್ರಾಂ!

ಹಾಗಾಗಿ ನನಗೆ ಕೇಳಿದರೆ, ಮೊದಲ ಬದಲಾವಣೆ ಚಹಾದ ಪಾತ್ರೆಯಲ್ಲಿ ಆಗಬೇಕು. ಡಬಲ್ ಟೋನ್ಡ್ ಹಾಲಿನಲ್ಲಿ ಶೇ. 1.5 ಕೊಬ್ಬು, ಟೋನ್ಡ್‌ನಲ್ಲಿ ಶೇ. 3. ಪ್ಯಾಕೆಟ್ ಮೇಲೆ ಬರೆದಿರುತ್ತಾರೆ. ಊರಿನಿಂದ ಎಮ್ಮೆ ಹಾಲೇ ಬರುತ್ತದೆ ಅಂದರೆ ಕಾಯಿಸಿ, ತಣ್ಣಗಾದ ಮೇಲೆ ಕೆನೆ ತೆಗೆಯಿರಿ. ಫ್ರಿಜ್‌ನಲ್ಲಿಟ್ಟು ಮರುದಿನ ಮತ್ತೊಮ್ಮೆ ತೆಗೆಯಿರಿ. ಮೊಸರು ಬಿಡಬೇಕಿಲ್ಲ. ಹುಳಿ ಬಂದ ಹಾಲಿನ ಕೊಬ್ಬು ಬೆಣ್ಣೆಯಷ್ಟು ಎಲ್‌ಡಿಎಲ್ ಏರಿಸುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ. ಕೆನೆ ತೆಗೆದ ಹಾಲಿಗೆ ಹೆಪ್ಪು ಹಾಕಿ. ಇನ್ನು ಬೆಣ್ಣೆ ಕಡೆದು ತೆಗೆದ ಮಜ್ಜಿಗೆಯಲ್ಲಿ ಕೊಬ್ಬು ಉಳಿಯುವುದೇ ಅತ್ಯಲ್ಪ. ಧಾರಾಳವಾಗಿ ಕುಡಿಯಿರಿ.

ತುಪ್ಪದ ಬಗ್ಗೆ ಈಗ ವಾಟ್ಸಾಪ್‌ನಲ್ಲಿ ಬೇರೆಯದೇ ಮಾತು ಓಡಾಡುತ್ತಿದೆ. ದೇಸಿ ಆಕಳ ತುಪ್ಪ ಎಷ್ಟು ತಿಂದರೂ ಕೊಲೆಸ್ಟ್ರಾಲ್ ಇಳಿಯುತ್ತದೆ ಅಂತೆ. ಯಾವ ಆಕಳದ್ದೇ ಆಗಲಿ, ತುಪ್ಪದ ತೂಕದಲ್ಲಿ ಸುಮಾರು 60 ಭಾಗ ಸ್ಯಾಚುರೇಟೆಡ್ ಕೊಬ್ಬೇ. ಹಬ್ಬದ ದಿನ ಹೋಳಿಗೆ ಮೇಲೆ ತುಪ್ಪ ಹಾಕಿಕೊಂಡರೆ ಆಕಾಶ ಬೀಳುವುದಿಲ್ಲ, ಹೋಳಿಗೆ ತುಪ್ಪ ಇಲ್ಲದೆ ಸೇರುವುದೂ ಇಲ್ಲ. ಎಲ್‌ಡಿಎಲ್ ಏರಿಸುವುದು ದಿನಾ ಬೀಳುವ ಚಮಚ. ಧಾರವಾಡ ಪೇಢೆಗೂ ಇದೇ ಮಾತು. ಹಾಲನ್ನು ಖೋವಾ ಆಗುವ ತನಕ ಬತ್ತಿಸಿ, ಸಕ್ಕರೆ ಹಾಕಿ ಹುರಿದದ್ದು ಅದು. ಲೈನ್ ಬಜಾರಿನಿಂದ ಡಬ್ಬಿ ಬಂದರೆ ಒಂದು ತಿನ್ನಿ, ಉಳಿದದ್ದನ್ನು ಹಂಚಿ. ಡಬ್ಬಿ ಅಡುಗೆಮನೆಯ ಕಟ್ಟೆ ಮೇಲೆ ಕೂತರೆ ಬಂದು ಹೋದಾಗಲೆಲ್ಲ ಕೈ ಹೋಗುತ್ತದೆ.

ಎಣ್ಣೆಯ ವಿಷಯಕ್ಕೆ ಬರೋಣ. ಪ್ಯಾಕೆಟ್ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಅಂತ ದೊಡ್ಡದಾಗಿ ಬರೆದಿದ್ದರೆ ಅದಕ್ಕೆ ಬೆಲೆ ಕೊಡಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಲೆಕ್ಕಕ್ಕೆ ಬರುವಷ್ಟು ಇರುವುದೇ ಇಲ್ಲ. ತಾಳೆ ಎಣ್ಣೆಯಲ್ಲೂ ಇಲ್ಲ. ಆದರೆ ತಾಳೆ ಎಣ್ಣೆಯ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು, ಕೊಬ್ಬರಿ ಎಣ್ಣೆಯಲ್ಲಿ ಇನ್ನೂ ಜಾಸ್ತಿ. ಶೇಂಗಾ ಎಣ್ಣೆಯಲ್ಲಿ ಐದನೇ ಒಂದು ಭಾಗಕ್ಕಿಂತ ಕಡಿಮೆ. ಸೂರ್ಯಕಾಂತಿಯಲ್ಲಿ ಹತ್ತನೇ ಒಂದು ಭಾಗದಷ್ಟು, ಕುಸುಬಿಯಲ್ಲಿ ಅದಕ್ಕಿಂತಲೂ ಕಡಿಮೆ. ನವಲಗುಂದ, ಅಣ್ಣಿಗೇರಿ, ಗದಗದ ಎರೆಹೊಲಗಳಲ್ಲಿ ಬಿಳಿಜೋಳ, ಕಡಲೆಯ ಜೊತೆ ಕುಸುಬಿ ಬಿತ್ತುವುದು ಹಿಂದಿನಿಂದ ಬಂದದ್ದು. ನಮ್ಮ ಹೊಲದ ಎಣ್ಣೆ ನಮ್ಮ ಹೃದಯಕ್ಕೂ ಒಳ್ಳೆಯದಾಗಿತ್ತು. ಈಗ ಕುಸುಬಿ ಎಣ್ಣೆ ಹುಡುಕಿ ತರಬೇಕಾಗಿದೆ ಅನ್ನುವುದು ಬೇಜಾರಿನ ವಿಷಯ.

ಗಾಣದ ಎಣ್ಣೆ ಒಳ್ಳೆಯದಾ ಅಂತ ಬಹಳ ಜನ ಕೇಳುತ್ತಾರೆ. ರುಚಿ, ವಾಸನೆ ಚೆನ್ನಾಗಿರುತ್ತದೆ. ಆದರೆ ಗಾಣದಲ್ಲಿ ತೆಗೆದ ಮಾತ್ರಕ್ಕೆ ಅದರೊಳಗಿನ ಕೊಬ್ಬಿನ ಜಾತಿ ಬದಲಾಗುವುದಿಲ್ಲ. ಯಾವ ಕಾಳಿನ ಎಣ್ಣೆ, ಎಷ್ಟು ಎಣ್ಣೆ, ಇವೆರಡೇ ಮುಖ್ಯ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಅಂತ ಇಟ್ಟುಕೊಳ್ಳಿ. ನಾಲ್ಕು ಜನರ ಮನೆಗೆ ಎರಡು ಲೀಟರ್. ತಿಂಗಳ ಮೊದಲ ದಿನ ಅಷ್ಟನ್ನು ಬೇರೆ ಡಬ್ಬಿಗೆ ಹಾಕಿಟ್ಟರೆ ಎಲ್ಲಿ ಜಾಸ್ತಿ ಹೋಗುತ್ತಿದೆ ಅಂತ ಹದಿನೈದು ದಿನದಲ್ಲೇ ಗೊತ್ತಾಗುತ್ತದೆ.

ಮಿರ್ಚಿ ಭಜಿ ಬಿಡಿ ಅಂತ ಹುಬ್ಬಳ್ಳಿಯಲ್ಲೋ ಗದಗದಲ್ಲೋ ನಿಂತು ಹೇಳುವುದು ಕಷ್ಟ. ಆದರೆ ಬಾಣಲೆಯಲ್ಲಿರುವ ಎಣ್ಣೆಯನ್ನು ಒಮ್ಮೆ ನೋಡಿ. ಅಗ್ಗವಾಗಿ ಸಿಗುವುದು ತಾಳೆ ಎಣ್ಣೆ, ಹಾಗಾಗಿ ಗಾಡಿಗಳಲ್ಲಿ ಅದೇ ಜಾಸ್ತಿ. ಭಜಿ ಹೀರಿಕೊಂಡ ಪ್ರತಿ ಹತ್ತು ಗ್ರಾಂ ಎಣ್ಣೆಗೆ ಐದು ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಒಳಗೆ ಹೋಗುತ್ತದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕಪ್ಪಾಗಿ, ನೊರೆ ಬಂದು, ಅಂಟಂಟಾಗುತ್ತದೆ. ಅದು ಕೆಟ್ಟಿದೆ ಅನ್ನುವುದರ ಗುರುತು. ಎಣ್ಣೆ ಕೆಟ್ಟಾಗ ಹುಟ್ಟುವ ಪದಾರ್ಥಗಳು ಶೇ. 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ ಅನ್ನುವ ನಿಯಮ 2018ರಿಂದಲೇ ಇದೆ. ಗಿರ್ಮಿಟ್ ಮಟ್ಟಿಗೆ ಅಷ್ಟು ಹೆದರಬೇಕಿಲ್ಲ. ಚುರಮುರಿ, ಉಳ್ಳಾಗಡ್ಡಿ, ಟೊಮ್ಯಾಟೊ, ಪುಟಾಣಿ ಹಿಟ್ಟು, ಕೊತ್ತಂಬರಿ. ಒಗ್ಗರಣೆ ಹದವಾಗಿದ್ದರೆ ಅದು ಸಂಜೆಗೆ ಪರವಾಗಿಲ್ಲ. ಪಕ್ಕದಲ್ಲಿ ಬರುವ ಭಜಿಯನ್ನು ವಾರಕ್ಕೊಮ್ಮೆಗೆ ಇಳಿಸಿದರೂ ದೊಡ್ಡ ವ್ಯತ್ಯಾಸ.

ಖಾರಿ, ಬಟರ್ ಬಿಸ್ಕತ್ತು, ಕ್ರೀಮ್ ಬನ್ ವಿಷಯದಲ್ಲಿ ನಾನು ಅಷ್ಟು ಮೆದು ಇಲ್ಲ. ಇವು ದಿನಾ ತಿನ್ನುವ ವಸ್ತುಗಳಲ್ಲ. ಎಣ್ಣೆ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ (ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ, ಎಲ್‌ಡಿಎಲ್ ಏರಿಸುವ ಕೊಬ್ಬು) ಶೇ. 2 ಮೀರಬಾರದು ಅಂತ 2022ರ ಜನವರಿಯಿಂದ ದೇಶದಲ್ಲಿ ಕಾನೂನು ಇದೆ, ಬಹಳ ಒಳ್ಳೆಯ ಕೆಲಸ ಅದು. ಆದರೆ ಪದರು ಪದರಾಗಿ ಉದುರಬೇಕಾದರೆ ಗಟ್ಟಿ ಕೊಬ್ಬು ಬೇಕೇ ಬೇಕು. ಟ್ರಾನ್ಸ್ ಫ್ಯಾಟ್ ಹೋದರೂ ಸ್ಯಾಚುರೇಟೆಡ್ ಕೊಬ್ಬು ಮತ್ತು ಮೈದಾ ಅಲ್ಲೇ ಇವೆ.

ಸಾವಜಿ ಊಟ ಇಷ್ಟಪಡುವವರಿಗೆ ಒಂದು ಮಾತು. ರಸದ ಮೇಲೆ ಕೆಂಪಗೆ ತೇಲುತ್ತದಲ್ಲ, ಅದು ಎಣ್ಣೆಯ ಜೊತೆ ಮಟನ್‌ನಿಂದ ಕರಗಿ ಬಂದ ಕೊಬ್ಬೂ ಹೌದು. ಮಸಾಲೆ, ಖಾರದಿಂದ ಕೊಲೆಸ್ಟ್ರಾಲ್‌ಗೆ ಏನೂ ಇಲ್ಲ. ಆ ಮೇಲಿನ ಪದರನ್ನು ಸೌಟಿನಿಂದ ಬದಿಗೆ ಸರಿಸಿ, ಕೊಬ್ಬಿಲ್ಲದ ತುಂಡು ಕೇಳಿ ಹಾಕಿಸಿಕೊಳ್ಳಿ. ಚರ್ಮ ತೆಗೆದ ಕೋಳಿ, ಮೀನು ಇನ್ನೂ ವಾಸಿ. ತತ್ತಿ ದಿನಕ್ಕೊಂದು ಹೆಚ್ಚಿನವರಿಗೆ ನಡೆಯುತ್ತದೆ. ಶುಗರ್ ಇರುವವರು ಡಾಕ್ಟರನ್ನು ಕೇಳಿ ಎಷ್ಟು ಅಂತ ನಿರ್ಧರಿಸಿ.

ಸೇರಿಸಬೇಕಾದದ್ದು

ಬಿಡುವುದು ಅರ್ಧ ಕೆಲಸ. ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 2003ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೊಲೆಸ್ಟ್ರಾಲ್ ಜಾಸ್ತಿ ಇದ್ದ 46 ಜನ, ಒಂದು ತಿಂಗಳು. ಬರೀ ಸ್ಯಾಚುರೇಟೆಡ್ ಕೊಬ್ಬು ಕಡಿಮೆ ಮಾಡಿದವರ ಎಲ್‌ಡಿಎಲ್ ಶೇ. 8 ಇಳಿಯಿತು. ಅದೇ ಊಟದ ಜೊತೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಜಾತಿಯ ಲೋವಾಸ್ಟಾಟಿನ್ ಮಾತ್ರೆ ತೆಗೆದುಕೊಂಡವರದ್ದು ಶೇ. 30.9. ಮೂರನೇ ಗುಂಪಿಗೆ ಮಾತ್ರೆ ಇರಲಿಲ್ಲ. ಅವರ ಊಟದಲ್ಲಿ ಅಂಟು ನಾರಿನ ಪದಾರ್ಥ, ಸೋಯಾ ಪ್ರೋಟೀನ್, ಬಾದಾಮಿ, ಗಿಡಗಳ ಸ್ಟೆರಾಲ್ (ಕೊಲೆಸ್ಟ್ರಾಲ್ ಹೋಲುವ, ಗಿಡದಲ್ಲಿರುವ ಪದಾರ್ಥ) ಎಲ್ಲವೂ ಒಟ್ಟಿಗೆ ಇದ್ದವು. ಅವರದ್ದು ಶೇ. 28.6 ಇಳಿಯಿತು. ಆ ಅಂಟು ನಾರಿಗೆ ಓಟ್ಸ್, ಜವೆಗೋಧಿ, ಇಸಬ್‌ಗೋಲ್ ಜೊತೆ ಬಳಸಿದ ತರಕಾರಿ ಯಾವುದು ಗೊತ್ತಾ? ಬದನೆಕಾಯಿ ಮತ್ತು ಬೆಂಡೆಕಾಯಿ.

ಇದು ಊಟದ ಹೆಚ್ಚಿನ ಭಾಗವನ್ನು ಸಂಶೋಧಕರೇ ಕೊಟ್ಟ ಪ್ರಯೋಗ. ಮನೆಯಲ್ಲಿ ತಾವೇ ಮಾಡಿಕೊಂಡು ತಿನ್ನಿ ಅಂತ ಸಲಹೆ ಮಾತ್ರ ಕೊಟ್ಟು ಆರು ತಿಂಗಳು ನೋಡಿದಾಗ, 2011ರಲ್ಲಿ ಅದೇ ತಂಡಕ್ಕೆ ಸಿಕ್ಕಿದ್ದು ಶೇ. 13-14 ಇಳಿಕೆ. ನನಗೆ ಈ ಎರಡನೇ ಅಂಕಿ ಹೆಚ್ಚು ನಂಬಿಕೆ ಕೊಡುತ್ತದೆ, ಯಾಕೆಂದರೆ ಅದು ನಮ್ಮ ನಿಮ್ಮ ಅಡುಗೆಮನೆಯ ಅಂಕಿ.

ಅಂಟು ನಾರು ಹೇಗೆ ಕೆಲಸ ಮಾಡುತ್ತದೆ? ಲಿವರ್ ಕೊಲೆಸ್ಟ್ರಾಲ್‌ನಿಂದ ಪಿತ್ತರಸ ಮಾಡಿ ಕರುಳಿಗೆ ಬಿಡುತ್ತದೆ. ಕೊಬ್ಬು ಜೀರ್ಣವಾದ ಮೇಲೆ ಆ ಪಿತ್ತದ ಬಹುಪಾಲನ್ನು ಮೈ ಸಣ್ಣ ಕರುಳಿನ ಕೊನೆಯಲ್ಲಿ ವಾಪಸ್ ಎಳೆದುಕೊಳ್ಳುತ್ತದೆ. ನೀರಲ್ಲಿ ನೆನೆದು ಲೋಳೆಯಾಗುವ ನಾರು ಅಲ್ಲಿದ್ದರೆ ಪಿತ್ತದ ಒಂದು ಭಾಗವನ್ನು ಹಿಡಿದುಕೊಂಡು ಮಲದ ಜೊತೆ ಹೊರಗೆ ಒಯ್ಯುತ್ತದೆ. ಲಿವರ್‌ಗೆ ಹೊಸ ಪಿತ್ತ ಮಾಡಲು ಕೊಲೆಸ್ಟ್ರಾಲ್ ಬೇಕು. ಅದಕ್ಕಾಗಿ ಅದು ಜಾಸ್ತಿ ರಿಸೆಪ್ಟರ್ ಹೊರಗಿಟ್ಟು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಅಂದರೆ ತುಪ್ಪ ಮುಚ್ಚಿಸಿದ ಗೇಟನ್ನು ಇಂಥ ನಾರಿರುವ ಕಾಳು ತೆರೆಸುತ್ತದೆ.

ಈಗ ನಮ್ಮ ತಾಟು ನೋಡಿ. ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಬದನೆಕಾಯಿಯ ಎಣಗಾಯಿ, ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಹಕ್ಕರಕಿ, ಪಕ್ಕದಲ್ಲಿ ಅಗಸಿ ಚಟ್ನಿ, ಶೇಂಗಾ ಚಟ್ನಿ, ಒಂದು ಲೋಟ ಮಜ್ಜಿಗೆ. ಇದರಲ್ಲಿ ದೊಡ್ಡ ಕೆಲಸಗಾರ ಕಾಳು. ದಿನಕ್ಕೊಂದು ಬಟ್ಟಲು, ಸುಮಾರು 130 ಗ್ರಾಂ ಬೆಂದ ಕಾಳು ತಿಂದರೆ ಎಲ್‌ಡಿಎಲ್ ಸುಮಾರು ಶೇ. 5 ಇಳಿಯುತ್ತದೆ ಅಂತ ಹಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ ತಿಳಿದಿದೆ. ಹೆಸರು, ಮಡಕಿ, ಅಲಸಂದಿ, ಹುರಳಿ, ಅಣ್ಣಿಗೇರಿ ಕಡೆಯ ಕಡಲೆ, ಯಾವುದಾದರೂ ಸರಿ. ಆದರೆ ಬಟ್ಟಲು ತುಂಬ ಇರಬೇಕು. ಸಾರಿನ ತಳದಲ್ಲಿ ನಾಲ್ಕು ಕಾಳು ಇದ್ದರೆ ಸಾಲದು.

ಜೋಳದ ರೊಟ್ಟಿಯ ಬಗ್ಗೆ ನಮಗೆ ಅಭಿಮಾನ ಜಾಸ್ತಿ, ಅದು ಇರಬೇಕಾದದ್ದೇ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಬಿಳಿ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಆದರೆ ಜೋಳದ ನಾರಿನ ಹೆಚ್ಚಿನ ಭಾಗ ಲೋಳೆಯಾಗುವಂಥದ್ದಲ್ಲ. ಹಾಗಾಗಿ ರೊಟ್ಟಿ ಒಂದೇ ಕೊಲೆಸ್ಟ್ರಾಲ್ ಇಳಿಸುತ್ತದೆ ಅಂತ ನಂಬಬೇಡಿ. ಅದು ಎರಡನೇ ಸಲ ಹಾಕಿಸಿಕೊಳ್ಳುವ ಅನ್ನದ ಜಾಗ, ಮೈದಾದ ಜಾಗ ತುಂಬುತ್ತದೆ. ಅದೇ ದೊಡ್ಡ ಉಪಕಾರ. ಜೊತೆಗೆ ಕಾಳಿನ ಪಲ್ಯವನ್ನು ಕರೆದು ತರುತ್ತದೆ, ಅಲ್ವಾ?

ಅಗಸಿ ಚಟ್ನಿ ನಮ್ಮ ಕಡೆಯ ಬೆಲೆಕಟ್ಟಲಾಗದ ತಿನಿಸು. ಅಗಸಿಯಲ್ಲಿ ಲೋಳೆಯಾಗುವ ನಾರೂ ಇದೆ, ಒಮೆಗಾ-3 ಜಾತಿಯ ಕೊಬ್ಬೂ ಇದೆ. ಇಡೀ ಬೀಜ ನುಂಗಿದರೆ ಒಡೆಯದೆ ಹಾಗೇ ಹೊರಗೆ ಹೋಗುತ್ತದೆ, ಪುಡಿ ಆಗಲೇಬೇಕು. ಬಾಣಲೆಯಲ್ಲಿ ಸಣ್ಣ ಉರಿ ಮೇಲೆ ಅಗಸಿ ಹಾಕಿ. ಚಟಪಟ ಅನ್ನಲು ಶುರುವಾದಾಗ ತೆಗೆದು ತಣ್ಣಗೆ ಮಾಡಿ. ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಕರಿಬೇವು, ಸ್ವಲ್ಪ ಹುಣಸೆ, ಉಪ್ಪು ಸೇರಿಸಿ ತರಿತರಿ ಕುಟ್ಟಿ. ಎಣ್ಣೆ ಬಿಡುವ ಬೀಜ ಇದು, ಬೇಗ ಕಮಟು ವಾಸನೆ ಬರುತ್ತದೆ. ಹಾಗಾಗಿ ವಾರಕ್ಕಾಗುವಷ್ಟೇ ಮಾಡಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ದಿನಕ್ಕೆ ಒಂದೆರಡು ದೊಡ್ಡ ಚಮಚ. ಒಂದೇ ಎಚ್ಚರಿಕೆ, ರೊಟ್ಟಿ ಜೊತೆ ತಿನ್ನುವಾಗ ಮೇಲೆ ತುಪ್ಪ ಸುರಿಯಬೇಡಿ. ಮೊಸರಲ್ಲಿ ಕಲಸಿ.

ಶೇಂಗಾ ಬಿಡಿಸಿದವರಿಗೆ ಈಗ ಉತ್ತರ ಕೊಡಬಹುದು. ಶೇಂಗಾದ ಕೊಬ್ಬಿನ ಹೆಚ್ಚಿನ ಭಾಗ ಸ್ಯಾಚುರೇಟೆಡ್ ಅಲ್ಲ. ದಿನಕ್ಕೊಂದು ಹಿಡಿ, ಸುಮಾರು 30 ಗ್ರಾಂ, ಎಲ್‌ಡಿಎಲ್ ಇಳಿಸುವ ಕಡೆಗೇ ಕೆಲಸ ಮಾಡುತ್ತದೆ. ದುಬಾರಿ ಬಾದಾಮಿ ಬೇಕಿಲ್ಲ. ಕ್ಯಾಲೊರಿ ಜಾಸ್ತಿ ಇರುವುದರಿಂದ ಹಿಡಿಗೆ ನಿಲ್ಲಿಸಬೇಕು. ಎಣಗಾಯಿಯಲ್ಲಿ ಶೇಂಗಾ, ಗುರೆಳ್ಳು ಪುಡಿ ತುಂಬಿ, ಎಣ್ಣೆಯನ್ನು ಮಾತ್ರ ಒಗ್ಗರಣೆಗೆ ಬೇಕಾದಷ್ಟಕ್ಕೆ ಇಳಿಸಿ ಮುಚ್ಚಿ ಬೇಯಿಸಿದರೆ ಟೊರಾಂಟೊದವರ ಪಟ್ಟಿಯ ಎರಡು ಮೂರು ಪದಾರ್ಥ ಒಂದೇ ಪಲ್ಯದಲ್ಲಿ ಬಂದವು.

ಇನ್ನೂ ಸ್ವಲ್ಪ ಬೇಕು ಅನ್ನುವವರಿಗೆ ಮೆಡಿಕಲ್ ಅಂಗಡಿಯ ಇಸಬ್‌ಗೋಲ್ ಇದೆ. ದಿನಕ್ಕೆ ಸುಮಾರು 10 ಗ್ರಾಂ ತೆಗೆದುಕೊಂಡರೆ ಎಲ್‌ಡಿಎಲ್ ಶೇ. 7ರ ಆಸುಪಾಸು ಇಳಿಯುತ್ತದೆ. ಸ್ವಲ್ಪದರಿಂದ ಶುರು ಮಾಡಿ, ಪ್ರತಿ ಸಲ ಒಂದು ದೊಡ್ಡ ಲೋಟ ನೀರು ಕುಡಿಯಿರಿ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ತಾಸು ಅಂತರ ಇರಲಿ. ಓಟ್ಸ್ ಆದರೆ ದಿನಕ್ಕೆ 75 ಗ್ರಾಂ ಬೇಕು. ಉಪ್ಪಿಟ್ಟಿನ ಹಾಗೆ ತರಕಾರಿ ಹಾಕಿ ಮಾಡಿಕೊಂಡರೆ ಸೇರುತ್ತದೆ. ಬಿಸಿನೀರು ಕುಡಿದರೆ ರಕ್ತದ ಕೊಬ್ಬು ಕರಗುತ್ತದೆ ಅನ್ನುವುದು ಮಾತ್ರ ಸುಳ್ಳು.

ಟ್ರೈಗ್ಲಿಸರೈಡ್‌ಗೆ ದಾರಿ ಬೇರೆ. ಅದನ್ನು ಏರಿಸುವುದು ಹೆಚ್ಚಾಗಿ ಸಕ್ಕರೆ, ಬಿಳಿ ಅನ್ನ, ಮೈದಾ, ಸಾರಾಯಿ ಮತ್ತು ಹೊಟ್ಟೆಯ ಬೊಜ್ಜು. ತುಪ್ಪ ಬಿಟ್ಟು ಆ ಜಾಗದಲ್ಲಿ ಅನ್ನ, ಬಿಸ್ಕತ್ತು ಜಾಸ್ತಿ ಮಾಡಿದವರ ರಿಪೋರ್ಟ್‌ನಲ್ಲಿ ಒಂದು ಇಳಿದು ಇನ್ನೊಂದು ಏರುವುದು ಇದಕ್ಕೇ. ದಿನಕ್ಕೆ ಐದಾರು ಸಲ ಸಿಹಿ ಚಹಾ ಕುಡಿಯುವವರು ಸಕ್ಕರೆಯ ಲೆಕ್ಕವನ್ನೂ ಹಾಕಬೇಕು.

ನಡಿಗೆ, ತಂಬಾಕು, ಮಾತ್ರೆ

ನಡಿಗೆಯಿಂದ ಎಲ್‌ಡಿಎಲ್ ಅಷ್ಟಾಗಿ ಇಳಿಯುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಆಮೇಲೆ ನಿರಾಸೆ ಆಗುವುದಿಲ್ಲ. ಆದರೆ ಟ್ರೈಗ್ಲಿಸರೈಡ್ ಇಳಿಯುತ್ತದೆ, ಎಚ್‌ಡಿಎಲ್ ಸ್ವಲ್ಪ ಏರುತ್ತದೆ, ಬಿಪಿ, ಶುಗರ್, ತೂಕ ಎಲ್ಲಕ್ಕೂ ಒಳ್ಳೆಯದು. ವಾರಕ್ಕೆ 150 ನಿಮಿಷ, ಮಾತಾಡಬಹುದು ಆದರೆ ಹಾಡಲು ಆಗಬಾರದು ಅನ್ನುವಷ್ಟು ಬಿರುಸಾಗಿ. ಉಣಕಲ್ ಕೆರೆ ದಂಡೆ, ನೃಪತುಂಗ ಬೆಟ್ಟ, ಧಾರವಾಡದ ಕೆಲಗೇರಿ ಕೆರೆ, ಗದಗದ ಭೀಷ್ಮ ಕೆರೆ, ಹಾವೇರಿಯ ಹೆಗ್ಗೇರಿ, ಜಾಗಕ್ಕೆ ಕೊರತೆ ಇಲ್ಲ. ನಡೆದು ಮುಗಿಸಿ ಗಾಡಿ ಮುಂದೆ ನಿಂತು ಭಜಿ ತಿಂದರೆ ಮಾತ್ರ ನಡೆದದ್ದೆಲ್ಲ ಹೋಯಿತು. ತೂಕ ಜಾಸ್ತಿ ಇದ್ದವರು ಶೇ. 5ರಿಂದ 10ರಷ್ಟು ಇಳಿಸಿದರೂ ಟ್ರೈಗ್ಲಿಸರೈಡ್‌ನಲ್ಲಿ ಚೆನ್ನಾಗಿ ಕಾಣುತ್ತದೆ.

ಬೀಡಿ, ಸಿಗರೇಟು ಎಚ್‌ಡಿಎಲ್ ಇಳಿಸುತ್ತವೆ, ರಕ್ತನಾಳದ ಒಳಗೋಡೆಯನ್ನು ಹಾಳು ಮಾಡುತ್ತವೆ. ಬಿಟ್ಟ ಕೆಲವೇ ವಾರಗಳಲ್ಲಿ ಎಚ್‌ಡಿಎಲ್ ಏರಲು ಶುರುವಾಗುತ್ತದೆ. ಗುಟ್ಕಾ, ಎಲೆ-ಅಡಿಕೆ ಜೊತೆಯ ತಂಬಾಕು ಕೂಡ ಹೃದಯಕ್ಕೆ ಅಪಾಯವೇ. ಹೊಗೆ ಇಲ್ಲ ಅಂತ ಸಮಾಧಾನಪಡಬೇಡಿ.

ಈಗ ಆ 170ಕ್ಕೆ ವಾಪಸ್ ಬರೋಣ. ಇಷ್ಟೆಲ್ಲ ಮನಸ್ಸಿಟ್ಟು ಮಾಡಿದರೆ ಶೇ. 15 ಇಳಿಯಿತು ಅಂದುಕೊಳ್ಳಿ, 145ರ ಹತ್ತಿರ ಬಂತು. ಇದು ಸಣ್ಣದಲ್ಲ. ಎಲ್‌ಡಿಎಲ್ ಸುಮಾರು 40 ಇಳಿದರೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥ ದೊಡ್ಡ ತೊಂದರೆಗಳು ಐದನೇ ಒಂದು ಭಾಗದಷ್ಟು ಕಡಿಮೆಯಾಗುತ್ತವೆ ಅಂತ ಸ್ಟಾಟಿನ್ ಪ್ರಯೋಗಗಳಿಂದ ಗೊತ್ತಾಗಿದೆ. 25 ಇಳಿದದ್ದು ಅದರ ಅರ್ಧಕ್ಕಿಂತ ಜಾಸ್ತಿ ದಾರಿ. ಆದರೆ ನಿಮ್ಮ ಗುರಿ 70 ಆಗಿದ್ದರೆ ಊಟ ಒಂದರಿಂದಲೇ ಅಲ್ಲಿಗೆ ಮುಟ್ಟುವುದು ಆಗದ ಮಾತು. ಹಾರ್ಟ್ ಅಟ್ಯಾಕ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು, 40 ದಾಟಿದ ಶುಗರ್ ಇರುವ ಹೆಚ್ಚಿನವರು ಮಾತ್ರೆ ತೆಗೆದುಕೊಳ್ಳಬೇಕಾಗುತ್ತದೆ, ಊಟವೂ ಜೊತೆಗಿರಬೇಕು. ಈ ಲೇಖನ ಓದಿ ದಯವಿಟ್ಟು ಯಾರೂ ಮಾತ್ರೆ ನಿಲ್ಲಿಸಬೇಡಿ.

ಸ್ಟಾಟಿನ್ ಬಗ್ಗೆ ಸುಮ್ನೆ ಭಯ ಜಾಸ್ತಿ ಇದೆ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಕಂಡುಹಿಡಿದ ಜಾತಿಯ ಔಷಧ ಇದು. ಮೊದಲ ಮಾತ್ರೆ, ಲೋವಾಸ್ಟಾಟಿನ್, 1987ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಲಿವರ್‌ನೊಳಗೆ ಕೊಲೆಸ್ಟ್ರಾಲ್ ತಯಾರಾಗುವುದನ್ನು ಇದು ತಡೆಯುತ್ತದೆ. ಕೊರತೆ ಕಂಡ ಲಿವರ್ ಜಾಸ್ತಿ ರಿಸೆಪ್ಟರ್ ಹೊರಗಿಡುತ್ತದೆ. ಕಾಳು ಮತ್ತು ಮಾತ್ರೆ ಎರಡೂ ಕೊನೆಗೆ ತೆರೆಸುವುದು ಅದೇ ಗೇಟನ್ನು. ಕೆಲವರಿಗೆ ಮೈಕೈ ನೋವು ಬರಬಹುದು. ಬಂದರೆ ಡಾಕ್ಟರಿಗೆ ಹೇಳಿ. ಡೋಸ್ ಇಳಿಸುವುದಕ್ಕೆ, ಬೇರೆ ಮಾತ್ರೆ ಕೊಡುವುದಕ್ಕೆ ದಾರಿ ಇದೆ.

ಊಟ ಬದಲಿಸಿದ ಮೇಲೆ ಆರರಿಂದ ಹನ್ನೆರಡು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಸಾಧ್ಯವಾದರೆ ಅದೇ ಲ್ಯಾಬ್‌ನಲ್ಲಿ. ಮೊದಲ ಸಲ ಜಾಸ್ತಿ ಬಂದಾಗಲೇ ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದ್ದರೆ ಎಷ್ಟು ಪಥ್ಯ ಮಾಡಿದರೂ ಎಲ್‌ಡಿಎಲ್ ಇಳಿಯದೆ ನಿಲ್ಲುತ್ತದೆ. ತೆಳ್ಳಗಿದ್ದು, ಊಟವೂ ಹದವಾಗಿದ್ದು ಎಲ್‌ಡಿಎಲ್ 190 ದಾಟಿದ್ದರೆ ಅದು ವಂಶದಿಂದ ಬಂದದ್ದಿರಬಹುದು. ಸುಮಾರು 250-300 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಈ ರಿಸೆಪ್ಟರ್ ವ್ಯವಸ್ಥೆಯಲ್ಲಿ ದೋಷ ಇರುತ್ತದೆ. ಅಂಥ ಮನೆಯಲ್ಲಿ ತಂದೆಯೋ ತಾಯಿಯೋ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್‌ನಿಂದ ಹೋಗಿದ್ದರೆ, ಅಣ್ಣ-ತಮ್ಮ, ಅಕ್ಕ-ತಂಗಿಯರದ್ದೂ, ಮಕ್ಕಳದ್ದೂ ರಕ್ತ ಒಮ್ಮೆ ಪರೀಕ್ಷೆ ಮಾಡಿಸಲೇಬೇಕು.